ಮಾವನವರ ಕೀಲಿಮಣೆ

ನನ್ನ ಮಾವನವರ ದನಿ ಒಂದೇ ಸಲ ಹೋಗಲಿಲ್ಲ. ಹಾಗೆ ಹೋಗಿದ್ದರೆ ನಾವು ಗಾಬರಿಬಿದ್ದು ಏನಾದರೂ ಮಾಡುತ್ತಿದ್ದೆವೋ ಏನೋ. ಅದು ದಿನದಿಂದ ದಿನಕ್ಕೆ ಇಷ್ಟಿಷ್ಟೇ ಸಣ್ಣದಾಯಿತು. ಮೊದಲು ಪಕ್ಕದ ಕೋಣೆಗೆ ಕೇಳಿಸುವುದು ನಿಂತಿತು. ಆಮೇಲೆ ಟಿವಿ ಹಾಕಿದ್ದರೆ ಕೇಳಿಸುತ್ತಿರಲಿಲ್ಲ, ಆಮೇಲೆ ಫ್ಯಾನು ತಿರುಗುತ್ತಿದ್ದರೂ ಕೇಳಿಸುತ್ತಿರಲಿಲ್ಲ. ಕೊನೆಗೆ ಬಾಯಿಯ ಹತ್ತಿರ ಕಿವಿ ಇಟ್ಟರೂ ಬರೀ ಉಸಿರು. ಅವರಿಗಿದ್ದದ್ದು ನಡುಕದ ಕಾಯಿಲೆ, ಪಾರ್ಕಿನ್ಸನ್. ಅದು ಕೈ ನಡುಗಿಸುತ್ತದೆ ಎಂದು ಗೊತ್ತಿತ್ತು, ದನಿಯನ್ನೂ ತಿನ್ನುತ್ತದೆ ಎಂದು ಗೊತ್ತಿರಲಿಲ್ಲ. ಅಕ್ಷರವನ್ನೂ ತಿನ್ನುತ್ತದೆ. ಕೈಗೆ ಪೆನ್ನು ಕೊಟ್ಟರೆ ಮೊದಲ ಅಕ್ಷರ ಕಡಲೆಕಾಳಿನಷ್ಟು, ನಾಲ್ಕನೆಯದು ಸಾಸಿವೆಯಷ್ಟು, ಅಲ್ಲಿಂದ ಮುಂದೆ ಬರೀ ಗೆರೆ.

ನಾವಿರುವುದು ವಿಜಯನಗರದಲ್ಲಿ, ಮಾರೇನಹಳ್ಳಿಯ ಕಡೆಗೆ. ನಾನು ಬಸವೇಶ್ವರನಗರದ ಒಂದು ಸಣ್ಣ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಮಾವನವರಿಗೆ ಕಾಯಿಲೆ ಜಾಸ್ತಿಯಾದ ಮೇಲೆ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡೆ. ಅಂದರೆ ಸಂಬಳ ಅರ್ಧವಾಯಿತು, ಕೆಲಸ ದುಪ್ಪಟ್ಟಾಯಿತು. ಬೆಳಿಗ್ಗೆ ಎಬ್ಬಿಸಿ ಕೂರಿಸುವುದು, ಹೊತ್ತು ತಪ್ಪದೆ ಮಾತ್ರೆ ಕೊಡುವುದು, ಗಂಟಲಿಗೆ ಸಿಕ್ಕದಂತೆ ತಿಂಡಿಯನ್ನು ಮೆತ್ತಗೆ ಕಲಸಿ ತಿನ್ನಿಸುವುದು. ಬಚ್ಚಲಿಗೆ ಕರೆದುಕೊಂಡು ಹೊರಟರೆ ಹೊಸ್ತಿಲ ಹತ್ತಿರ ಅವರ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದರೆ ಅದನ್ನು ದಾಟುವ ನೆಪದಲ್ಲಿ ಕಾಲು ಎತ್ತುತ್ತಿದ್ದರು. ಹಾಗಾಗಿ ನಮ್ಮ ಮನೆಯ ಒಳಗೆಲ್ಲ ಗೆರೆಗಳು. ಬಂದ ನೆಂಟರು, ಮನೆಯಲ್ಲಿ ಮಕ್ಕಳು ಕುಂಟೆಬಿಲ್ಲೆ ಆಡುತ್ತಾರಾ ಎಂದು ಕೇಳುತ್ತಿದ್ದರು.

ಅತ್ತೆಯವರು ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಓದಲೆಂದು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ನಾನು ಶಾಲೆಯಲ್ಲಿರುವಷ್ಟು ಹೊತ್ತು ಪಕ್ಕದ ಮನೆಯವರು ಆಗಾಗ ಬಂದು ನೋಡಿ ಹೋಗುತ್ತಿದ್ದರು. ನನ್ನ ಗಂಡ ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಅವರು ಕೆಟ್ಟವರಲ್ಲ. ಅಪ್ಪನನ್ನು ಆ ಸ್ಥಿತಿಯಲ್ಲಿ ನೋಡಲಾರದವರು, ಅದಕ್ಕೇ ನೋಡುತ್ತಿರಲಿಲ್ಲ. ನೋಡುವ ಕೆಲಸ ನನ್ನದಾಗಿತ್ತು.

ಮಾತು ಹೋದ ಮೇಲೆ ನಾವು ಊಹೆಯಲ್ಲಿ ಸಂಸಾರ ನಡೆಸಿದೆವು. ಕಾಫಿ ಬೇಕಾ ಎಂದು ಕೇಳಿದರೆ ಅವರ ತಲೆ ಆಡುತ್ತಿತ್ತು. ಮಲಗುತ್ತೀರಾ ಎಂದರೂ ಆಡುತ್ತಿತ್ತು. ಆ ತಲೆ ಏನೂ ಕೇಳದಿದ್ದಾಗಲೂ ನಡುಗುತ್ತಲೇ ಇರುತ್ತಿದ್ದುದರಿಂದ ಅದು ಹೂಂ ಎಂದೋ ಊಹೂಂ ಎಂದೋ ಯಾರಿಗೆ ಗೊತ್ತು. ನಮಗೆ ಯಾವುದು ಅನುಕೂಲವೋ ಅದನ್ನು ಅರ್ಥಮಾಡಿಕೊಳ್ಳುತ್ತಿದ್ದೆವು. ಬರುಬರುತ್ತಾ ಕೇಳುವುದನ್ನೂ ಬಿಟ್ಟೆವು. ಅವರ ಎದುರಿಗೇ ಅವರ ವಿಷಯವನ್ನು ಪಕ್ಕದ ಮನೆಯವರ ವಿಷಯ ಮಾತಾಡಿದ ಹಾಗೆ ಮಾತಾಡುವುದು ರೂಢಿಯಾಯಿತು.

ಹಾಗೆ ಮಾತಾಡುತ್ತಿದ್ದ ಒಂದು ಭಾನುವಾರ ಕೆಂಗೇರಿಯ ವಿಷಯ ಬಂತು. ನನ್ನ ನಾದಿನಿ, ಅಂದರೆ ಮಾವನವರ ಮಗಳು, ಮಹಾಲಕ್ಷ್ಮಿ ಲೇಔಟ್‌ನಲ್ಲಿದ್ದಾಳೆ. ಭಾನುವಾರ ತಪ್ಪದೆ ಬರುತ್ತಾಳೆ, ಬರುವಾಗ ಹಣ್ಣು ತರುತ್ತಾಳೆ, ಹೋಗುವಾಗ ಅತ್ತು ಹೋಗುತ್ತಾಳೆ. ಕೆಂಗೇರಿ ಉಪನಗರ ದಾಟಿ ಸ್ವಲ್ಪ ಒಳಗೆ ಹೋದರೆ ಇಂಥ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಮನೆ ಇದೆಯಂತೆ. ಹಗಲೂ ರಾತ್ರಿ ನರ್ಸ್ ಇರುತ್ತಾರಂತೆ. ಫೋನಿನಲ್ಲಿ ಫೋಟೋ ತೋರಿಸಿದಳು: ಬಿಳೀ ಹಾಸಿಗೆ, ಗೋಡೆಗುಂಟ ಹಿಡಿಯಲು ಕಂಬಿ, ಕಿಟಕಿಯ ಆಚೆ ಒಂದು ಪರಂಗಿ ಗಿಡ. ನೋಡಿ ನನಗೆ ಆಸೆಯಾಯಿತು. ಮಾವನವರನ್ನು ಅಲ್ಲಿ ಬಿಡುವುದು ಆಮೇಲಿನ ಮಾತು, ಮೊದಲು ನಾನೇ ಹೋಗಿ ಆ ಹಾಸಿಗೆಯಲ್ಲಿ ಮಲಗಿಬಿಡಬೇಕು ಅನಿಸಿತು. ಒಳ್ಳೆಯ ಸೊಸೆಯಾಗಿದ್ದು ಇದ್ದು ನನಗೆ ಸಾಕಾಗಿತ್ತು. ಕಳಿಸಬೇಕು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ. ಆದರೆ ಆ ಮಾತು ಮಗ ಮಗಳ ಬಾಯಿಂದ ಬರಲಿ, ಸೊಸೆಯ ಬಾಯಿಂದ ಬಂತು ಅನ್ನುವುದು ಬೇಡ ಎಂದು ಸುಮ್ಮನೆ ಕೂತಿದ್ದೆ.

ನನ್ನ ಗಂಡ, "ಅಪ್ಪನ್ನ ಒಂದು ಮಾತು ಕೇಳ್ದೆ ಹೆಂಗೆ ಕಳ್ಸೋದು?" ಎಂದರು.

ಕೇಳುವುದೇನೋ ಸರಿ, ಉತ್ತರ ಬರುವುದು ಹೇಗೆ? ಮಾತಿನ ತರಬೇತಿ ಕೊಡುವವರು ಆಸ್ಪತ್ರೆಯಲ್ಲಿ ಒಮ್ಮೆ ಹೇಳಿದ್ದರು, ಪೆನ್ನು ಹಿಡಿಯಲಾಗದವರು ಕೆಲವರು ಟೈಪ್ ಮಾಡುತ್ತಾರೆ, ಪ್ರಯತ್ನಿಸಿ ಎಂದು. ಫೋನು ಕೊಟ್ಟು ನೋಡಿದ್ದೆವು. ನಡುಗುವ ಬೆರಳು ಗಾಜಿಗೆ ತಾಗಿದ ಕೂಡಲೇ ಕ್ಯಾಮೆರಾ ತೆರೆದು, ಟಾರ್ಚು ಹತ್ತಿ, ಯಾರಿಗೋ ಫೋನು ಹೋಗಿ ರಂಪವಾಗುತ್ತಿತ್ತು. ಒತ್ತಿದರೆ ಒಳಗೆ ಹೋಗುವ ನಿಜವಾದ ಕೀಲಿಗಳು ಬೇಕು ಅನಿಸಿತು. ಆಗ ನೆನಪಾದದ್ದು ನನ್ನ ಹಳೆಯ ಲ್ಯಾಪ್‌ಟಾಪ್.

ಅದು ಆನ್‌ಲೈನ್ ಪಾಠದ ಕಾಲದಲ್ಲಿ ನನ್ನ ಜೊತೆ ದುಡಿದು ದಣಿದದ್ದು. ಪರದೆಯನ್ನು ಹಿಡಿದಿಡುವ ಹಿಂಜು ಒಂದು ಕಡೆ ಮುರಿದಿತ್ತು. ಬ್ಯಾಟರಿ ಊದಿಕೊಂಡಿದ್ದರಿಂದ ತೆಗೆದು ಎಸೆದಿದ್ದೆ, ವೈರು ಚುಚ್ಚಿದರೆ ಮಾತ್ರ ಜೀವ. ಸ್ವಿಚ್ಚು ಹಾಕಿ ಕುಕ್ಕರ್ ಇಟ್ಟು ಬಂದರೆ ಅನ್ನವಾಗುವ ಹೊತ್ತಿಗೆ ಪರದೆ ಬೆಳಗುತ್ತಿತ್ತು. ಬೆಳಗಿದ ಮೇಲೆ ಅಪ್‌ಡೇಟ್ ಬೇಕು ಅನ್ನುತ್ತಿತ್ತು, ಅಪ್‌ಡೇಟ್ ಕೊಟ್ಟರೆ ಈ ಯಂತ್ರಕ್ಕೆ ಅದು ಆಗಿಬರುವುದಿಲ್ಲ ಅನ್ನುತ್ತಿತ್ತು. ಸಾಕೆಂದು ಬಟ್ಟೆ ಸುತ್ತಿ ಸಜ್ಜದ ಮೇಲೆ ಇಟ್ಟಿದ್ದೆ. ಕೆಳಗಿಳಿಸಿದಾಗ ಫ್ಯಾನಿನ ಕಿಂಡಿಯಲ್ಲಿ ಜೇಡ ಸಂಸಾರ ಹೂಡಿತ್ತು.

ನಮ್ಮ ಶಾಲೆಯ ಲ್ಯಾಬಿನಲ್ಲಿರುವುದೆಲ್ಲ ಇಂಥ ಮುದಿ ಕಂಪ್ಯೂಟರುಗಳೇ. ಅವನ್ನು ನಡೆಸುವುದು ಲಿನಕ್ಸ್. ಯಾರ ಅಪ್ಪಣೆಯೂ ಬೇಕಿಲ್ಲದ, ಯಾರು ಬೇಕಾದರೂ ಇಳಿಸಿಕೊಂಡು ಹಾಕಿಕೊಳ್ಳಬಹುದಾದ, ಒಳಗೆ ಕೈಹಾಕಿ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದಾದ ವ್ಯವಸ್ಥೆ. ಹಳೆಯ ಯಂತ್ರಕ್ಕೆ ಹಗುರವಾದ ಒಂದು ಬಗೆಯನ್ನು ಶಾಲೆಯಲ್ಲೇ ಪೆನ್‌ಡ್ರೈವಿಗೆ ತುಂಬಿಕೊಂಡು ಬಂದೆ. ಮಧ್ಯಾಹ್ನ ಮಾವನವರು ಮಲಗಿದ್ದಾಗ ಊಟದ ಮೇಜಿನ ಮೇಲೆ ಕೂತು ಶುರುಮಾಡಿದೆ. ಒಂದು ಹಂತದಲ್ಲಿ ಅದು ಕೇಳುತ್ತದೆ: ಈ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು. ಬೇಕಾದ ಫೋಟೋಗಳನ್ನು ಮೊದಲೇ ತೆಗೆದಿಟ್ಟಿದ್ದೆ. ಮುಂದುವರಿ ಎಂದು ಒತ್ತುವಾಗ ಆದ ಸುಖವನ್ನು ಏನೆಂದು ಹೇಳಲಿ. ಬದುಕಿನಲ್ಲಿ ಅಂಥದ್ದೊಂದು ಗುಂಡಿ ಇರಬೇಕಿತ್ತು ಅನಿಸಿತು.

ವೈಫೈ ಅದಕ್ಕೆ ಸಿಗಲಿಲ್ಲ. ಒಳ್ಳೆಯದೇ ಆಯಿತು, ಮಾವನವರಿಗೆ ಅದರ ಗೊಡವೆ ಬೇಡ. ಬೇಡದ್ದನ್ನೆಲ್ಲ ಕಿತ್ತುಹಾಕಿ, ಶುರುವಾದ ಕೂಡಲೇ ಒಂದು ಬಿಳೀ ಹಾಳೆ ಮಾತ್ರ ತೆರೆದುಕೊಳ್ಳುವ ಹಾಗೆ ಮಾಡಿದೆ. ಅಕ್ಷರ ದಪ್ಪ ಮಾಡಿದೆ. ನಡುಗುವ ಬೆರಳು ಒಂದೇ ಕೀಲಿಯನ್ನು ಬೆನ್ನುಬೆನ್ನಿಗೆ ನಾಲ್ಕು ಸಲ ಒತ್ತಿದರೂ ಒಂದೇ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಒಂದು ಏರ್ಪಾಡು ಅದರಲ್ಲಿದೆ, ಅದನ್ನೂ ಹಾಕಿದೆ. ಕನ್ನಡಕ್ಕೆ ನಾನು ಬಳಸುವ ಕೀಲಿಮಣೆಯನ್ನೇ ಇಟ್ಟು, ಪ್ರತಿ ಕೀಲಿಯ ಮೇಲೆ ಕನ್ನಡದ ಅಕ್ಷರ ಬರೆದ ಚೀಟಿ ಅಂಟಿಸಿದೆ. ಇಷ್ಟೆಲ್ಲ ಮಾಡಿದ್ದು ಅಕ್ಕರೆಯಿಂದ ಎಂದು ಹೇಳಿಕೊಳ್ಳಬಹುದಿತ್ತು. ನಿಜ ಏನೆಂದರೆ, ಕೇಳಿಯೇ ಕಳಿಸಿದೆವು ಅನ್ನಿಸಿಕೊಳ್ಳಬೇಕಿತ್ತು.

ಭಾನುವಾರ ಎಲ್ಲರೂ ಇದ್ದಾಗ ಮಾವನವರನ್ನು ಕುರ್ಚಿಯಲ್ಲಿ ಕೂರಿಸಿ, ಮುಂದೆ ಸಣ್ಣ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೆಂಗೇರಿಗೆ ಹೋಗುತ್ತೀರಾ ಎಂದು ಕೇಳಿದೆವು. ನಮಗೆಲ್ಲ ಧೈರ್ಯವಿತ್ತು. ಏಕೆಂದರೆ ಅವರು ಸರ್ಕಾರಿ ಕಚೇರಿಯೊಂದರಲ್ಲಿ ಕನ್ನಡ ಟೈಪಿಸ್ಟ್ ಆಗಿ ಸೇರಿ ಟೈಪಿಸ್ಟ್ ಆಗಿಯೇ ಮುದುಕರಾದವರು. ಕಂಪ್ಯೂಟರ್ ಬಂದಾಗ ಅವರಿಗೆ ನಿವೃತ್ತಿ ಹತ್ತಿರವಾಗಿತ್ತು, ಟಪಾಲು ನೋಡಿಕೊಳ್ಳಿ ಎಂದು ಬೇರೆ ಮೇಜಿಗೆ ಕಳಿಸಿದ್ದರಂತೆ. ಆದರೇನು, ಕೀಲಿ ಒತ್ತುವುದು ಅವರಿಗೆ ಹೇಳಿಕೊಡಬೇಕೆ?

ಅವರು ಎರಡೂ ಕೈ ಎತ್ತಿ ಕೀಲಿಗಳ ಮೇಲೆ ಇಟ್ಟರು. ನಿಧಾನಕ್ಕೆ ಒತ್ತತೊಡಗಿದರು. ನಾನು ಅಂಟಿಸಿದ ಚೀಟಿಗಳ ಕಡೆ ಕಣ್ಣು ಕೂಡ ಹಾಯಿಸಲಿಲ್ಲ, ಎದುರಿನ ಪರದೆಯನ್ನೇ ದಿಟ್ಟಿಸುತ್ತಿದ್ದರು. ಪರದೆಯ ಮೇಲೆ ಮೂಡಿದ್ದಕ್ಕೆ ತಲೆಬುಡವಿರಲಿಲ್ಲ. ಎಲ್ಲೋ ಒಂದು ಡ, ಅದಕ್ಕೆ ತಗುಲಿಕೊಂಡ ಎರಡು ಕೊಂಬು, ಒಂದು ಅಂಕಿ, ಒಂದು ಹ, ಮತ್ತೆ ಕೊಂಬು. ಯಾವ ಭಾಷೆಯದೂ ಅಲ್ಲದ ಮಾತು. ಒಂದು ಸಾಲು ತುಂಬುವ ಹೊತ್ತಿಗೆ ಅವರು ಎಡಗೈ ಎತ್ತಿ ಲ್ಯಾಪ್‌ಟಾಪಿನ ಪರದೆಯನ್ನು ಪಕ್ಕಕ್ಕೆ ನೂಕಿದರು. ಮುರಿದ ಹಿಂಜು ಕಿರ್ ಅಂದಿತು. ನನ್ನ ಗಂಡ ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿತ್ತು.

ಸರಿಯಾಗಿ ಇಟ್ಟು ಮತ್ತೆ ಕೊಟ್ಟೆವು. ಮತ್ತೆ ಅದೇ ಅರ್ಥವಿಲ್ಲದ ಸಾಲು, ಮತ್ತೆ ಅದೇ ನೂಕು.

"ಅಪ್ಪಂಗೆ ಏನೂ ಗೊತ್ತಾಗ್ತಿಲ್ಲ ಅತ್ತಿಗೆ, ಸುಮ್ನೆ ಯಾಕೆ ಹಿಂಸೆ ಕೊಡ್ತೀರ," ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಈ ಕಾಯಿಲೆಯಲ್ಲಿ ಕೆಲವರಿಗೆ ಬುದ್ಧಿಯೂ ಮಸುಕಾಗುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಬೇರೆ ಯಾರಾದರೂ ಹೀಗೆ ಒತ್ತಿದ್ದರೆ ಅಭ್ಯಾಸವಿಲ್ಲ ಅನ್ನಬಹುದಿತ್ತು. ಆಯಸ್ಸೆಲ್ಲ ಟೈಪ್ ಮಾಡಿದವರೇ ಹೀಗೆ ಒತ್ತಿದರೆ, ಒತ್ತಿ ಸಿಟ್ಟಿನಿಂದ ನೂಕಿದರೆ, ಇನ್ನು ಉಳಿದದ್ದೇನು? ಅವರು ಟೈಪಿಸ್ಟ್ ಆಗಿದ್ದದ್ದೇ ಅವರ ವಿರುದ್ಧ ಸಾಕ್ಷಿಯಾಯಿತು. ಕೇಳಿದ ಶಾಸ್ತ್ರವೂ ಮುಗಿಯಿತು. ಆಷಾಢ ಶುರುವಾಗಿತ್ತು. ಆಷಾಢದಲ್ಲಿ ಯಾರೂ ಮನೆ ಬದಲಾಯಿಸುವುದಿಲ್ಲ, ಶ್ರಾವಣ ಬಂದ ಮೇಲೆ ಒಂದು ಒಳ್ಳೆಯ ದಿನ ನೋಡಿ ಕೆಂಗೇರಿಗೆ ಕರೆದುಕೊಂಡು ಹೋಗುವುದು ಎಂದಾಯಿತು. ನಾದಿನಿ ಅಲ್ಲಿಗೆ ಫೋನು ಮಾಡಿ ಒಂದು ಹಾಸಿಗೆ ಕಾಯ್ದಿರಿಸಿದಳು. ನಾನು ಆ ದಿನ ಹಗುರವಾಗಿ ಪಾತ್ರೆ ತೊಳೆದೆ.

ಲ್ಯಾಪ್‌ಟಾಪ್ ಅಲ್ಲೇ ಉಳಿಯಿತು. ಮಧ್ಯಾಹ್ನ ನಾನು ಶಾಲೆಯಿಂದ ಬಂದು ಊಟ ಮಾಡಿಸಿದ ಮೇಲೆ ಮಾವನವರ ಕಣ್ಣು ಅದರ ಕಡೆಗೇ ಹೋಗುತ್ತಿತ್ತು. ಅವರ ಕೈಗೆ ಏನಾದರೂ ಕೆಲಸ ಸಿಗಲಿ ಎಂದು ಮುಂದೆ ಇಟ್ಟುಕೊಡುತ್ತಿದ್ದೆ. ಮಗುವಿಗೆ ಆಟದ ಸಾಮಾನು ಕೊಟ್ಟ ಹಾಗೆ. ನೂಕಿದರೆ ಬೀಳದಿರಲಿ ಎಂದು ಹಿಂದೆ ದಿಂಬು ಒರಗಿಸುತ್ತಿದ್ದೆ. ಒಂದು ಮಧ್ಯಾಹ್ನ ಎದುರಿಗೇ ಕೂತು ಸೊಪ್ಪು ಬಿಡಿಸುತ್ತಿದ್ದೆ. ಬೇರೆ ನೋಡಲು ಏನೂ ಇರಲಿಲ್ಲ, ಅವರ ಕೈಯನ್ನೇ ನೋಡುತ್ತಾ ಕೂತೆ. ಸಾಲು ಪರದೆಯ ಬಲಗಡೆ ಅಂಚಿಗೆ ಬಂತು. ಎಡಗೈ ಮೇಲೆದ್ದಿತು. ಪರದೆಯ ಎಡ ಮೂಲೆಯಲ್ಲಿ ಏನನ್ನೋ ತಡಕಿತು. ಬೆರಳುಗಳು ಅಲ್ಲಿಲ್ಲದ ಯಾವುದನ್ನೋ ಹುಡುಕಿ, ಸಿಗದೆ, ಪರದೆಯನ್ನೇ ಬಲಕ್ಕೆ ತಳ್ಳಿದವು. ಮುಖದಲ್ಲಿ ಸಿಟ್ಟು ಇರಲಿಲ್ಲ.

ನನ್ನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಎಸ್‌ಎಸ್‌ಎಲ್‌ಸಿ ಮುಗಿದ ಕೂಡಲೇ ನಮ್ಮ ಕಾಲದ ಹುಡುಗಿಯರೆಲ್ಲ ಹೋಗುತ್ತಿದ್ದ ಹಾಗೆ ನಾನೂ ರಾಜಾಜಿನಗರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿದ್ದೆ, ಇಂಗ್ಲಿಷ್ ಕಲಿಯಲು. ಅಲ್ಲಿನ ಮೇಷ್ಟ್ರು ಕೀಲಿ ನೋಡಿದವರ ಬೆರಳಿಗೆ ಸ್ಕೇಲಿನಿಂದ ತಟ್ಟುತ್ತಿದ್ದರು. ಕೀಲಿ ನೋಡಬಾರದು, ಎದುರಿಗೆ ನೋಡಬೇಕು. ಸಾಲು ಮುಗಿಯುತ್ತಾ ಬಂದರೆ ಗಂಟೆ ಹೊಡೆಯುತ್ತದೆ, ಆಗ ಎಡಗೈಯಿಂದ ಆ ಉದ್ದನೆಯ ಹಿಡಿಯನ್ನು ಬಲಕ್ಕೆ ತಳ್ಳಬೇಕು, ತಳ್ಳಿದರೆ ಹೊಸ ಸಾಲು. ಮಾವನವರು ಲ್ಯಾಪ್‌ಟಾಪನ್ನು ನೂಕುತ್ತಿರಲಿಲ್ಲ. ಅವರು ಸಾಲು ಮುಗಿಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

ಹತ್ತಿರ ಹೋಗಿ ಕೂತೆ. ಹಾಳೆಯನ್ನು ಖಾಲಿ ಮಾಡಿ, ಬರೀ 'ಅ' ಒತ್ತಿ ಮಾವ ಎಂದೆ. ಬೆರಳು ಒಂದು ಕೀಲಿಗೆ ಹೋಯಿತು. ಮೂಡಿದ್ದು ಬೇರೆ ಏನೋ. 'ಕ' ಒತ್ತಿ, 'ರ' ಒತ್ತಿ ಎಂದು ಸುತ್ತಾಡಿಸಿ ಮತ್ತೆ 'ಅ' ಕೇಳಿದೆ. ಬೆರಳು ಮೊದಲು ಹೋದ ಕೀಲಿಗೇ ಹೋಯಿತು. ಮತ್ತೆ ಮತ್ತೆ ಕೇಳಿದೆ, ಪ್ರತಿ ಸಲವೂ ಅದೇ ಕೀಲಿ. ಬುದ್ಧಿ ಮಸುಕಾದವರ ಬೆರಳು ಇಷ್ಟು ಗಟ್ಟಿಯಾಗಿ ಒಂದು ಜಾಗ ನೆನಪಿಟ್ಟುಕೊಳ್ಳುವುದಿಲ್ಲ. ಅವರು ಒತ್ತುತ್ತಿದ್ದದ್ದು ಹಳೆಯ ಕನ್ನಡ ಟೈಪ್‌ರೈಟರಿನ ಕೀಲಿಗಳನ್ನು. ನಾನು ಇಟ್ಟಿದ್ದದ್ದು ಈ ಕಾಲದ ಜೋಡಣೆಯನ್ನು. ಅವರು ಇಷ್ಟು ದಿನವೂ ಸರಿಯಾಗಿಯೇ ಮಾತಾಡುತ್ತಿದ್ದರು.

"ಹಳೇ ಮೆಷಿನ್ ಥರ ಹೊಡೀತಿದೀರಾ ಮಾವ?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು. ಆ ನೋಟಕ್ಕೆ ಊಹೆ ಬೇಕಿರಲಿಲ್ಲ. ಇಷ್ಟು ಹೊತ್ತು ಬೇಕಾಯಿತೇ ನಿನಗೆ ಎಂಬಂತಿತ್ತು.

ನನಗೆ ಸಂತೋಷವಾಗಬೇಕಿತ್ತು. ಮೊದಲು ಆದದ್ದು ಭಯ. ಇವರು ಒಳಗೆ ಪೂರ್ತಿ ಇದ್ದಾರೆ ಅಂದರೆ ನಾವು ಭಾನುವಾರಗಳಲ್ಲಿ ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ಇವರಿಗೆ ಮಾತು ಬಂದರೆ ಮೊದಲು ಆಡುವ ಮಾತು 'ನಾನು ಹೋಗುವುದಿಲ್ಲ' ಎಂದೇ ಇರುತ್ತದೆ. ಕಾಯ್ದಿರಿಸಿದ ಹಾಸಿಗೆ, ಅದರಾಚೆ ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಶ್ರಾವಣ, ಎಲ್ಲ ನನ್ನ ಕೈಯಾರೆ ಹೋಗುತ್ತದೆ. ಯಾರಿಗೂ ಹೇಳದೆ ಲ್ಯಾಪ್‌ಟಾಪನ್ನು ಮತ್ತೆ ಸಜ್ಜದ ಮೇಲೆ ಇಟ್ಟುಬಿಡೋಣ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಇಟ್ಟುಬಿಡುತ್ತಿದ್ದೆನೇನೋ. ಆದರೆ ಅವರು ನನ್ನನ್ನೇ ನೋಡುತ್ತಿದ್ದರು.

ಲಿನಕ್ಸಿನಲ್ಲಿ ಕೀಲಿಮಣೆ ಅನ್ನುವುದು ಒಂದು ಸಾದಾ ಕಡತ. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂದು ಸಾಲು ಸಾಲಾಗಿ ಬರೆದಿರುತ್ತದೆ. ಅದಕ್ಕೆ ಬೀಗವಿಲ್ಲ. ತೆರೆದು ತಿದ್ದಬಹುದು, ಯಾರೂ ಯಾಕೆ ಎಂದು ಕೇಳುವುದಿಲ್ಲ. ಅದನ್ನು ನಕಲು ಮಾಡಿಕೊಂಡು ಮಾವನವರ ಹೆಸರಿಟ್ಟೆ. ಹಳೆಯ ಟೈಪ್‌ರೈಟರಿನ ಜೋಡಣೆ ಎಲ್ಲಾದರೂ ಸಿಗುತ್ತಿತ್ತೋ ಏನೋ, ನಾನು ಹುಡುಕಲಿಲ್ಲ. ಅವರ ಬೆರಳಿನಲ್ಲೇ ಇತ್ತಲ್ಲ. ದಿನಾ ಮಧ್ಯಾಹ್ನ ಅವರ ಪಕ್ಕ ಕೂತು ಕೇಳುತ್ತಿದ್ದೆ: ಇ ಎಲ್ಲಿ ಮಾವ, ಗ ಎಲ್ಲಿ, ತ ಒತ್ತು ಎಲ್ಲಿ. ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಬೆರಳು ತಾನಾಗಿ ನಡೆಯುತ್ತಿತ್ತು. ಅದು ಹೋದ ಕಡೆ ನಾನು ಆ ಅಕ್ಷರವನ್ನು ಕೂರಿಸುತ್ತಿದ್ದೆ. ಎಷ್ಟೋ ವರ್ಷದಿಂದ ಅವರಿಗೆ ನಾನು ಹೇಳುವುದು, ಅವರು ಕೇಳುವುದು ಆಗಿತ್ತು. ಈಗ ಅವರು ಹೇಳುತ್ತಿದ್ದರು.

ಸುಲಭವೇನೂ ಆಗಿರಲಿಲ್ಲ. ಟೈಪ್‌ರೈಟರಿನಲ್ಲಿ ಗುಡಿಸು ಕೊಂಬು ಎಲ್ಲ ಹೊಡೆದಾದ ಮೇಲೆ ಒತ್ತು ಹೊಡೆಯುತ್ತಿದ್ದರಂತೆ, ಕಂಪ್ಯೂಟರಿಗೆ ಒತ್ತು ಮೊದಲು ಬೇಕು. ಅದನ್ನು ಹಿಂದುಮುಂದು ಮಾಡುವ ನಿಯಮ ಬರೆಯಲು ನನಗೆ ಸಾಕುಬೇಕಾಯಿತು. ಒಂದು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು. ಒಂದು ಸಲ ಸಿಟ್ಟು ಬಂದು, ನಿಮ್ಮ ಕಾಲದಲ್ಲಿ ನೆಟ್ಟಗೆ ಒಂದು ಮೆಷಿನ್ನೂ ಮಾಡಲಿಲ್ಲವಲ್ಲ ಮಾವ ಎಂದು ರೇಗಿಬಿಟ್ಟೆ. ಅವರ ಭುಜ ಅಲ್ಲಾಡಿತು. ನಡುಕ ಅಂದುಕೊಂಡೆ, ಆಮೇಲೆ ನೋಡಿದರೆ ನಗುತ್ತಿದ್ದರು. ಹೊಸ ಸಾಲಿಗೆ ಮಾತ್ರ ನನ್ನಿಂದ ಏನೂ ಮಾಡಲಾಗಲಿಲ್ಲ. ಇದರಲ್ಲಿ ಸಾಲು ತಾನೇ ಕೆಳಗೆ ಹೋಗುತ್ತದೆ, ಕೈ ಎತ್ತಬೇಡಿ ಎಂದು ಎಷ್ಟು ಹೇಳಿದರೂ ಎಡಗೈ ಮೇಲೇಳುತ್ತಿತ್ತು. ಕೊನೆಗೆ ದಿಂಬನ್ನೇ ಕಾಯಂ ಮಾಡಿದೆ.

ಆಷಾಢ ಮುಗಿಯುತ್ತಾ ಬಂದಾಗ ಅವರು ಮೊದಲ ಸಲ ಪೂರ್ತಿ ಅರ್ಥವಾಗುವ ಒಂದು ಪದ ಹೊಡೆದರು: "ನೀರು". ಲೋಟ ತಂದುಕೊಟ್ಟೆ. ಅವರು ಕುಡಿದರು. ಗಂಡನಿಗೆ ಹೇಳಿದೆ. ಅವರು ಬಂದು ಆ ಪದವನ್ನು ನೋಡಿ, ಅಪ್ಪನನ್ನು ನೋಡಿ, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾದಿನಿ ಫೋನಿನಲ್ಲಿ ನಂಬಲಿಲ್ಲ. ನೀರು ಅಂತ ಮಗು ಕೂಡ ಹೇಳುತ್ತದೆ ಅತ್ತಿಗೆ, ಹಾಸಿಗೆ ಬಿಟ್ಟುಕೊಡುವುದು ಬೇಡ ಎಂದಳು. ಕೇಳಿಬಿಡೋಣ ಎಂದು ನನ್ನ ಗಂಡನೇ ಅಪ್ಪನ ಮುಂದೆ ಕೂತು, ಕೆಂಗೇರಿಯ ಮನೆಯ ವಿಷಯ ಹೇಳಿ, ನಿಮಗೆ ಏನನಿಸುತ್ತದೆ ಬರೆಯಿರಿ ಎಂದರು. ಮಾವನವರು ಒಂದು ಕೈ ಎತ್ತಿ ತಡೆದರು. ಅವಸರ ಬೇಡ ಎಂದು ಅದರ ಅರ್ಥ.

ಆ ವಾರವೆಲ್ಲ ಅವರು ಹೊಡೆದರು. ಒಂದು ಪದಕ್ಕೆ ಎಷ್ಟೋ ಹೊತ್ತು, ಮಾತ್ರೆಯ ಪ್ರಭಾವ ಇರುವಷ್ಟು ಹೊತ್ತು, ಆಮೇಲೆ ಕೈ ಮರಗಟ್ಟಿ ನಿಂತುಬಿಡುತ್ತಿತ್ತು. ನಾನು ಹತ್ತಿರ ಹೋದರೆ ಪರದೆಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ನಾನೂ ನೋಡಲಿಲ್ಲ. ಹೋಗುವುದಿಲ್ಲ ಅನ್ನುವುದಕ್ಕೆ ಇಷ್ಟುದ್ದ ಏಕೆ ಬೇಕು ಎಂದು ಒಳಗೊಳಗೇ ಕುದಿಯುತ್ತಾ ಅಡುಗೆ ಮಾಡಿದೆ. ಇನ್ನು ಇದೇ ನನ್ನ ಬದುಕು ಎಂದು ಮನಸ್ಸನ್ನು ಒಪ್ಪಿಸುತ್ತಿದ್ದೆ. ಅದು ಒಪ್ಪುತ್ತಿರಲಿಲ್ಲ.

ಶ್ರಾವಣದ ಮೊದಲ ಭಾನುವಾರ ನಾದಿನಿ ಬಂದಳು. ಊಟವಾದ ಮೇಲೆ ಮಾವನವರು ಪರದೆಯನ್ನು ಮಗನ ಕಡೆಗೆ ತಿರುಗಿಸುವಂತೆ ಸನ್ನೆ ಮಾಡಿದರು. ನನ್ನ ಗಂಡ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. ಅಲ್ಲಲ್ಲಿ ಒತ್ತು ತಪ್ಪಿತ್ತು, ಅವರೇ ಸರಿಮಾಡಿಕೊಂಡು ಓದಿದರು.

"ವಿಷಯ: ನನ್ನ ವಾಸದ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಬುದ್ಧಿ ಸರಿಯಾಗಿರುತ್ತದೆ. ಕೈಕಾಲು ಮತ್ತು ದನಿ ಮಾತ್ರ ಸರಿ ಇರುವುದಿಲ್ಲ. ಭಾನುವಾರಗಳ ಚರ್ಚೆಯನ್ನು ಕೇಳಿರುತ್ತೇನೆ."

ನಾದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಸಾಲಿನಲ್ಲಿ ನನ್ನ ಹೆಸರಿತ್ತು. ಶ್ರೀಮತಿ ಎಂದು ಹಾಕಿ, ತವರಿನ ಇನಿಷಿಯಲ್ ಸಮೇತ, ನಾನೇ ಮರೆತಿದ್ದ ಪೂರ್ತಿ ಹೆಸರು. ಅದನ್ನು ಹೊಡೆಯುವುದಕ್ಕೇ ಒಂದು ಮಧ್ಯಾಹ್ನ ಹಿಡಿದಿರಬೇಕು.

"ನನ್ನ ಸೊಸೆಯಾದ ಸದರಿಯವರು ಇಷ್ಟು ವರ್ಷ ಒಂದು ದಿನವೂ ರಜೆ ಪಡೆಯದೆ ಕರ್ತವ್ಯ ನಿರ್ವಹಿಸಿರುವುದನ್ನು ಗಮನಿಸಲಾಗಿದೆ. ಅವರಿಗೆ ಒಂದು ತಿಂಗಳ ಗಳಿಕೆ ರಜೆ ಮಂಜೂರು ಮಾಡಿದೆ. ಈ ಅವಧಿಯಲ್ಲಿ ನನ್ನ ಮಗ ಪ್ರಭಾರ ವಹಿಸತಕ್ಕದ್ದು. ಭಾನುವಾರಗಳಂದು ಮಗಳು. ರಜೆಯ ನಂತರ ಮರಳಿ ಹಾಜರಾಗುವುದು ಸೊಸೆಯ ಇಚ್ಛೆಗೆ ಬಿಟ್ಟಿದ್ದು. ಹಾಜರಾಗದಿದ್ದಲ್ಲಿ ಕೆಂಗೇರಿಗೆ ಹೋಗಲು ನನ್ನ ಅಭ್ಯಂತರ ಇರುವುದಿಲ್ಲ."

ಆಯಸ್ಸೆಲ್ಲ ಮೇಲಧಿಕಾರಿಗಳ ಆದೇಶಗಳನ್ನು ಹೊಡೆದು ಅವರ ಸಹಿಗೆ ಇಟ್ಟವರು ಮಾವನವರು. ತಾವೇ ಒಂದು ಆದೇಶ ಹೊರಡಿಸಿದ್ದು ಇದೇ ಮೊದಲಿರಬೇಕು. ನನಗೆ ಮೊದಲು ನಗು ಬಂತು. ಗಮನಿಸಲಾಗಿದೆ ಅನ್ನುವ ಮಾತು ಮತ್ತೆ ಕಿವಿಗೆ ಬಿದ್ದ ಹಾಗಾಯಿತು, ನಗು ನಿಂತು ಅಳು ಬಂತು. ಎಲ್ಲರ ಎದುರಿಗೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆ ಮನೆಯಲ್ಲಿ ನಾನು ಹಾಗೆ ಅತ್ತದ್ದು ಅದೇ ಮೊದಲು. ನನ್ನ ದಣಿವನ್ನು ಯಾರಾದರೂ ನೋಡಿದ್ದಾರೆ ಎಂದು ನಾನು ಅಂದುಕೊಂಡಿರಲಿಲ್ಲ. ನೋಡಿದವರಿಗೆ ಹೇಳಲು ಬಾಯಿ ಇರಲಿಲ್ಲ.

ನಾನು ಹೋದೆ. ಇಲ್ಲ ಇಲ್ಲ, ನಾನು ಹೇಗೆ ಹೋಗಲಿ ಅನ್ನುವ ನಾಟಕ ಆಡುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ. ಗಂಡ ಕಾರ್ಖಾನೆಗೆ ರಜೆ ಹಾಕಿದರು. ನಾನೂ ಶಾಲೆಗೆ ರಜೆ ಹಾಕಿ, ಮಾತ್ರೆಗಳ ಹೊತ್ತನ್ನು ಗಂಡನಿಗೆ ವಿವರಿಸಿ, ಚನ್ನಪಟ್ಟಣದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಿ ಮಲಗಿದೆ. ಮೊದಲ ಕೆಲವು ದಿನ ಬರೀ ಮಲಗಿದ್ದೆ. ಅಕ್ಕ ಊಟಕ್ಕೆ ಎಬ್ಬಿಸಿ ಮತ್ತೆ ಮಲಗಿಸುತ್ತಿದ್ದಳು. ಗಂಡ ದಿನಾ ಫೋನು ಮಾಡುತ್ತಿದ್ದರು. ಮೊದಲು ದನಿಯಲ್ಲಿ ಸಿಡುಕಿತ್ತು. ಆಮೇಲೆ ದಣಿವು ಬಂತು, ನನಗೆ ಚೆನ್ನಾಗಿ ಪರಿಚಯವಿದ್ದ ದಣಿವು. ಒಂದು ದಿನ, ನನಗೆ ಅಪ್ಪ ಮೆಮೊ ಕೊಟ್ಟಿದ್ದಾರೆ, ಸ್ನಾನದ ನೀರು ಮೂರು ದಿನದಿಂದ ತಣ್ಣಗಿತ್ತಂತೆ ಎಂದು ಹೇಳಿ ನಕ್ಕರು. ಅಪ್ಪನ ಮಾತನ್ನು ಅವರು ನಗುತ್ತಾ ಹೇಳಿದ್ದನ್ನು ಕೇಳಿ ಬಹಳ ಕಾಲವಾಗಿತ್ತು.

ಮರಳದೇ ಇರಬಹುದು ಎಂದು ನಿಜವಾಗಿಯೂ ಯೋಚಿಸಿದೆ. ಮರಳಿ ಮನೆಗೆ ಹೋಗುವುದಲ್ಲ, ಮರಳಿ ಆ ಕೆಲಸಕ್ಕೆ ಹೋಗುವುದು. ಕೆಂಗೇರಿಗೆ ಕಳಿಸಿ ಎಂದು ಒಂದು ಮಾತು ಹೇಳಿದರೆ ಸಾಕು, ಯಾರೂ ನನ್ನನ್ನು ದೂರುವಂತಿರಲಿಲ್ಲ. ಅದನ್ನು ಅವರೇ ಬರೆದುಕೊಟ್ಟಿದ್ದರು. ರಜೆ ಮುಗಿಯುವ ಮೊದಲೇ ಓಡಿ ಬರುವಷ್ಟು ಒಳ್ಳೆಯತನ ನನ್ನಲ್ಲಿ ಉಳಿದಿರಲಿಲ್ಲ. ತಿಂಗಳು ಪೂರ್ತಿ ಇದ್ದು ಬಂದೆ.

ಬಾಗಿಲು ತೆಗೆದ ಗಂಡ ಸ್ವಲ್ಪ ಇಳಿದುಹೋಗಿದ್ದರು. ಮಾವನವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು, ಮುಂದೆ ಲ್ಯಾಪ್‌ಟಾಪ್. ನನ್ನನ್ನು ನೋಡಿ ಎರಡೂ ಕೈ ಎತ್ತಿ ಕೀಲಿಗಳ ಮೇಲೆ ಇಟ್ಟರು. ನಾನು ಚಪ್ಪಲಿ ಬಿಟ್ಟು, ಬ್ಯಾಗು ಹಿಡಿದುಕೊಂಡೇ ಅವರು ಮುಗಿಸುವ ತನಕ ನಿಂತೆ. ಬಹಳ ಹೊತ್ತಾಯಿತು.

"ಬರಲೇಬೇಕೆಂದಿರಲಿಲ್ಲ," ಎಂದಿತ್ತು.

"ಗೊತ್ತು ಮಾವ. ಅದಕ್ಕೇ ಬಂದೆ," ಎಂದೆ.

ಅವರ ಎಡಗೈ ಮೇಲೆದ್ದು ಪರದೆಯನ್ನು ಬಲಕ್ಕೆ ತಳ್ಳಿತು. ನಾನು ಬ್ಯಾಗನ್ನು ಕೆಳಗಿಟ್ಟು, ಮುಂದಿನ ಸಾಲಿಗೆ ಕಾಯುತ್ತಾ ಅವರ ಪಕ್ಕದಲ್ಲಿ ಕೂತೆ.